ಅಳಿವೆ ದಾಟುವ ಲೆಕ್ಕ

(ಕುಮಟಾದಲ್ಲಿ ಚಾರಣಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಅಂದು ಕೊಟ್ಟ ಉತ್ತರಗಳನ್ನೂ ಅಲ್ಲಲ್ಲಿ ಸೇರಿಸಿಕೊಂಡಿದ್ದೇನೆ.)

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಹಿಂದೆ 'ಸಾಹಸಿ' ಎಂಬ ಶಬ್ದವನ್ನು ಸೇರಿಸಿದ್ದಾರೆ. ದಯವಿಟ್ಟು ಅದನ್ನು ಹೊಡೆದುಹಾಕಿ ಓದಿಕೊಳ್ಳಬೇಕು. ನಾನು ಬ್ರಿಸ್ಟಲ್ ನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕಪತ್ರ ಬರೆಯುವ ಕೆಲಸ ಮಾಡಿಕೊಂಡಿರುವವಳು. ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಬೆನ್ನಿಗೆ ಡೇರೆ ಹೊತ್ತು ಹೊರಟು, ಇಂಗ್ಲೆಂಡಿನ ನೈಋತ್ಯ ಮೂಲೆಯನ್ನು ಸುತ್ತುವರಿಯುವ 'ಸೌತ್ ವೆಸ್ಟ್ ಕೋಸ್ಟ್ ಪಾತ್' ಎಂಬ ಕಾಲುದಾರಿಯನ್ನು ಮೂರು ಬೇಸಿಗೆಗಳಲ್ಲಿ, ಸಾಲದ ಕಂತು ತೀರಿಸಿದ ಹಾಗೆ, ಒಬ್ಬಳೇ ನಡೆದು ಮುಗಿಸಿದೆ. ಈ ನಡಿಗೆಯಲ್ಲಿ ನನಗೆ ನೆರವಿಗೆ ಬಂದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಕೂಡುವ ಕಳೆಯುವ ಅಭ್ಯಾಸ. ಆದ್ದರಿಂದ ಇಂದು ಸೂರ್ಯಾಸ್ತಗಳ ವರ್ಣನೆಯನ್ನು ಬದಿಗಿಟ್ಟು ಲೆಕ್ಕವನ್ನೇ ಮಾತಾಡುತ್ತೇನೆ.

ದಾರಿಯ ಉದ್ದ 630 ಮೈಲಿ, ಅಂದರೆ 1,014 ಕಿಲೋಮೀಟರ್. ಸಾಮರ್‌ಸೆಟ್‌ನ ಮೈನ್‌ಹೆಡ್ ಊರಿನಲ್ಲಿ, ನಕ್ಷೆಯೊಂದನ್ನು ಬಿಡಿಸಿ ಹಿಡಿದ ಎರಡು ದೊಡ್ಡ ಲೋಹದ ಕೈಗಳ ಶಿಲ್ಪದ ಬಳಿ ಅದು ಆರಂಭವಾಗುತ್ತದೆ. ಡೆವನ್‌ನ ಉತ್ತರ ಕರಾವಳಿಯನ್ನು ಹಿಡಿದು ಕಾರ್ನ್‌ವಾಲನ್ನು ಪೂರ್ತಿ ಸುತ್ತಿ, ಮತ್ತೆ ಡೆವನ್‌ನ ದಕ್ಷಿಣ ತೀರಕ್ಕೆ ಬಂದು, ಡಾರ್ಸೆಟ್‌ನ ಪೂಲ್ ಬಂದರಿನ ಬಾಯಿಯಲ್ಲಿ ಮುಗಿಯುತ್ತದೆ. ಇಡೀ ದಾರಿಯ ಅತಿ ಎತ್ತರದ ಜಾಗ 'ಗ್ರೇಟ್ ಹ್ಯಾಂಗ್‌ಮನ್' ಎಂಬ ಗುಡ್ಡ. ಅದರ ಎತ್ತರ 318 ಮೀಟರ್. ಘಟ್ಟದ ಕೆಳಗೆ ಹುಟ್ಟಿ ಬೆಳೆದ ನಮಗೆ ಇದು ನಗು ಬರಿಸುವ ಸಂಖ್ಯೆ. ಆದರೆ ದಾರಿಯುದ್ದಕ್ಕೂ ಏರಿದ ಏರುಗಳನ್ನೆಲ್ಲ ಕೂಡಿಸಿದರೆ ಸುಮಾರು 35,000 ಮೀಟರ್ ಆಗುತ್ತದೆ, ಎಂದರೆ ಸಮುದ್ರಮಟ್ಟದಿಂದ ಎವರೆಸ್ಟ್ ಶಿಖರವನ್ನು ಹೆಚ್ಚುಕಡಿಮೆ ನಾಲ್ಕು ಸಲ ಹತ್ತಿದಷ್ಟು. ಒಂದೊಂದು ಹಳ್ಳವೂ ಕಡಲಿಗೆ ಸೇರುವಲ್ಲಿ ದಾರಿ ನೀರಿನ ಮಟ್ಟದವರೆಗೆ ಇಳಿದು, ಆಚೆ ದಂಡೆಯಲ್ಲಿ ಮತ್ತೆ ಕಡಿದಾಗಿ ಏರುತ್ತದೆ. ಹಾರ್ಟ್‌ಲೆಂಡ್‌ನಿಂದ ಬ್ಯೂಡ್‌ವರೆಗಿನ ಸುಮಾರು 24 ಕಿಲೋಮೀಟರಿನಲ್ಲಿ ಹತ್ತರಷ್ಟು ಕಣಿವೆಗಳು ಎದುರಾಗುತ್ತವೆ. ನಾನು ಅದನ್ನು ಎರಡು ದಿನ ತೆಗೆದುಕೊಂಡು ದಾಟಿದೆ, ಅದಕ್ಕೆ ನನಗೆ ನಾಚಿಕೆಯೂ ಇಲ್ಲ.

ಇಷ್ಟು ಹಠಮಾರಿಯಾದ ದಾರಿಯನ್ನು ಯಾರು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ತಿಳಿದ ಮೇಲೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಬ್ರಾಂದಿ, ಚಹಾ, ತಂಬಾಕುಗಳು ಸುಂಕ ತಪ್ಪಿಸಿಕೊಂಡು ಈ ತೀರದಲ್ಲಿ ಇಳಿಯುತ್ತಿದ್ದ ಕಾಲದಲ್ಲಿ ಕಳ್ಳಸಾಗಣೆಯನ್ನು ತಡೆಯುವುದಕ್ಕೆ ಕಾವಲುಗಾರರು ಬೇಕಾಗಿದ್ದರು. 1822ರಲ್ಲಿ ಆ ಬಿಡಿ ಬಿಡಿ ಕಾವಲು ಪಡೆಗಳನ್ನು ಒಗ್ಗೂಡಿಸಿ ಕೋಸ್ಟ್‌ಗಾರ್ಡ್ ಎಂಬ ಸಂಸ್ಥೆಯನ್ನು ಕಟ್ಟಿದರು. ಆ ಕಾವಲುಗಾರ ರಾತ್ರಿ ಗಸ್ತು ತಿರುಗುವಾಗ ಪ್ರತಿಯೊಂದು ಕಡಲ ಕೊಲ್ಲಿಯೊಳಗೂ ಇಣುಕಿ ನೋಡಲೇಬೇಕಿತ್ತು, ಅಡ್ಡದಾರಿ ಹಿಡಿದರೆ ಅವನ ಕೆಲಸವೇ ಕೆಡುತ್ತಿತ್ತು. ಅವನ ಗಸ್ತಿನ ಜಾಡೇ ಇಂದಿನ ಕಾಲುದಾರಿ. 1949ರ ಕಾಯಿದೆಯೊಂದು ಇಂಥ ದೂರದ ಕಾಲುದಾರಿಗಳನ್ನು ಸಾರ್ವಜನಿಕರಿಗೆ ತೆರೆದಿಡಲು ಅವಕಾಶ ಕಲ್ಪಿಸಿತು. ಕಾರ್ನ್‌ವಾಲಿನ ಭಾಗ 1973ರಲ್ಲಿ ತೆರೆಯಿತು, ಕಡೆಯ ತುಂಡುಗಳು 1978ರಲ್ಲಿ ಕೂಡಿಕೊಂಡವು. ಓಕ್ ಮರದ ಕಾಯಿಯ ಗುರುತು ಕೆತ್ತಿದ ಕಂಬಗಳು ದಾರಿ ತೋರಿಸುತ್ತವೆ. ಕಡಲನ್ನು ಒಂದೇ ಬದಿಗೆ ಇಟ್ಟುಕೊಂಡು ನಡೆದರೆ ದಾರಿ ತಪ್ಪುವುದು ಹೇಗೆ ಎಂದು ನೀವು ಕೇಳಬಹುದು. ಮಂಜು ಕವಿದ ಬೆಳಿಗ್ಗೆ ನಾನು ಅದನ್ನೂ ಸಾಧಿಸಿದ್ದೇನೆ.

ಈಗ ಅಳಿವೆಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಊರಿನ ಸಭಿಕರಿಗೆ ಹೇಳಬೇಕಾದ ಮುಖ್ಯ ಮಾತು ಇದೇ. ಕರಾವಳಿಯ ನಡಿಗೆ ಎಂದರೆ ಕಡಲಿನ ಪಕ್ಕದ ನಡಿಗೆ ಎಂದು ಹೊರಗಿನವರು ತಿಳಿಯುತ್ತಾರೆ. ತದಡಿಯ ತಾರಿಗಾಗಿ ಕಾದು ನಿಂತವರಿಗೆ ಮಾತ್ರ ಗೊತ್ತಿರುತ್ತದೆ, ದಾರಿಯನ್ನು ಕಡಿಯುವುದು ಕಡಲಲ್ಲ, ಕಡಲಿಗೆ ಬಂದು ಸೇರುವ ಹೊಳೆ. ಇಲ್ಲಿ ಗಂಗಾವಳಿ, ಅಘನಾಶಿನಿ, ಶರಾವತಿಗಳು ಇರುವ ಹಾಗೆ ಅಲ್ಲಿ ಕ್ಯಾಮೆಲ್, ಫಾಲ್, ಫಾಯ್, ಯಾಮ್, ಅರ್ಮ್, ಏವನ್, ಡಾರ್ಟ್, ಟೀನ್, ಎಕ್ಸ್ ಎಂಬ ಹೊಳೆಗಳಿವೆ. ಬಹಳಷ್ಟು ಕಡೆ ತಾರಿ ದೋಣಿಗಳಿವೆ. ಆದರೆ ಕೆಲವು ದೋಣಿಗಳು ಬೇಸಿಗೆಯಲ್ಲಿ ಮಾತ್ರ, ಅದೂ ದಿನದ ಕೆಲವೇ ಗಂಟೆ ಓಡುತ್ತವೆ. ಕ್ಯಾಮೆಲ್ ಹೊಳೆಯ ದೋಣಿ ಇಳಿತದ ಹೊತ್ತಿಗೆ ಒಂದು ಕಡೆ, ಉಬ್ಬರದ ಹೊತ್ತಿಗೆ ಇನ್ನೊಂದು ಕಡೆ ದಡ ಮುಟ್ಟುತ್ತದೆ. ಒಂದು ದೋಣಿ ತಪ್ಪಿದರೆ ಹೊಳೆಯ ದಂಡೆ ಹಿಡಿದು ಮೇಲಿನ ಸೇತುವೆಯವರೆಗೆ ಹೋಗಿ ಆಚೆ ದಂಡೆಯಲ್ಲಿ ಮರಳಬೇಕು, ಎಂದರೆ ಕಣ್ಣಳತೆಯ ದೂರಕ್ಕೆ ಒಂದು ಇಡೀ ದಿನ.

ಇವೆಲ್ಲವುಗಳ ಪೈಕಿ ಅರ್ಮ್ ಹೊಳೆಯದು ಬೇರೆಯೇ ಕಥೆ. ಅಲ್ಲಿ ತಾರಿಯೂ ಇಲ್ಲ, ಹತ್ತಿರದಲ್ಲಿ ಸೇತುವೆಯೂ ಇಲ್ಲ. ಪೂರ್ತಿ ಇಳಿತವಾಗುವುದಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ಅನಂತರದವರೆಗೆ ಮಾತ್ರ, ಪಶ್ಚಿಮ ದಂಡೆಯ ಮದಕೂಮ್‌ನಿಂದ ಪೂರ್ವ ದಂಡೆಯ ವನ್‌ವೆಲ್‌ಗೆ ಕಾಲ್ನಡಿಗೆಯಲ್ಲೇ ನೀರಿಗಿಳಿದು ದಾಟಬಹುದು. ಇಳಿತದ ಕೋಷ್ಟಕದ ಪುಟ್ಟ ಪುಸ್ತಕ ನನ್ನ ಜೇಬಿನಲ್ಲಿತ್ತು. ಹುಣ್ಣಿಮೆಯ ಮರುದಿನ, ಇಳಿತ 12 ಗಂಟೆ 10 ನಿಮಿಷಕ್ಕೆ ಎಂದು ಅದರಲ್ಲಿ ಬರೆದಿತ್ತು. ನಾನು 12ಕ್ಕೆ ಸರಿಯಾಗಿ ದಂಡೆಯ ಮೇಲಿದ್ದೆ. ಬೂಟು ಬಿಚ್ಚಿ ಲೇಸಿನಿಂದ ಜೋಡಿಸಿ ಕೊರಳಿಗೆ ಹಾಕಿಕೊಂಡು, ಹಳೆಯ ರಬ್ಬರ್ ಚಪ್ಪಲಿ ಮೆಟ್ಟಿ, ಬೆನ್ನುಚೀಲದ ಸೊಂಟಪಟ್ಟಿಯನ್ನು ಬಿಚ್ಚಿಕೊಂಡೆ. ಸೊಂಟಪಟ್ಟಿ ಕಟ್ಟಿಕೊಂಡೇ ನೀರಿಗಿಳಿದು ಎಡವಿ ಬಿದ್ದರೆ ಚೀಲವೇ ಮನುಷ್ಯನನ್ನು ಮುಖ ಅಡಿಮಾಡಿ ಒತ್ತಿ ಹಿಡಿಯುತ್ತದೆ, ಆದ್ದರಿಂದ ಅದನ್ನು ಬಿಚ್ಚಿಯೇ ಇಳಿಯಬೇಕು. ನಾಲ್ಕು ಹೆಜ್ಜೆ ಇಟ್ಟಾಗ ಮೊಣಕಾಲು, ಹತ್ತು ಹೆಜ್ಜೆಗೆ ತೊಡೆ. ಊರಿದ ಕೋಲಿನ ಸುತ್ತ ನೀರು ಸುಳಿಯುತ್ತ ಕಡಲ ಕಡೆಗೆ ಎಳೆಯುತ್ತಿತ್ತು. ಕೋಷ್ಟಕದ ಪ್ರಕಾರ ಆ ಹೊತ್ತಿಗೆ ಹೊಳೆ ಹೆಚ್ಚುಕಡಿಮೆ ನಿಂತಿರಬೇಕಿತ್ತು.

ಹಿಂದಿರುಗಿ ದಂಡೆಯ ಮೇಲೆ ಕುಳಿತು ಪುಸ್ತಕದ ಮೊದಲ ಪುಟವನ್ನು ತೆರೆದಾಗ ಕಾರಣ ತಿಳಿಯಿತು. ಕೋಷ್ಟಕವನ್ನು ಗ್ರೀನಿಚ್ ಕಾಲಮಾನದಲ್ಲಿ ಅಚ್ಚು ಹಾಕಿದ್ದರು. ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಮುಂದಿರುವುದರಿಂದ ಓದುವವರೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಕೂಡುವುದನ್ನೇ ಕಸುಬಾಗಿ ಮಾಡಿಕೊಂಡವಳು ಒಂದನ್ನು ಕೂಡಿಸಲು ಮರೆತಿದ್ದೆ. ನನ್ನ ಅದೃಷ್ಟಕ್ಕೆ ತಪ್ಪು ಬೇಗ ಬಂದ ಕಡೆಗೆ ಆಗಿತ್ತು, ತಡವಾಗಿ ಬಂದ ಕಡೆಗಲ್ಲ. ಇಳಿಯುತ್ತಿರುವ ಹೊಳೆಯ ಮುಂದೆ ಕುಳಿತು ಕಾಯಬಹುದು, ಏರುತ್ತಿರುವ ಹೊಳೆಯ ನಡುವೆ ನಿಂತು ಕಾಯಲಾಗುವುದಿಲ್ಲ. ಒಂದು ಗಂಟೆಯಲ್ಲಿ ಅದೇ ಜಾಗದಲ್ಲಿ ನೀರು ಮೊಣಕಾಲಿನ ಕೆಳಗೆ ಬಂತು, ತಳದ ಮರಳಿನ ಗೆರೆಗಳು ಕಾಣತೊಡಗಿದವು. ಆಚೆ ದಂಡೆಯಿಂದ ಒಬ್ಬ ಮುದುಕ ನಾಯಿಯನ್ನು ಕರೆದುಕೊಂಡು ಪ್ಯಾಂಟು ಮಡಿಸಿ ಆರಾಮವಾಗಿ ದಾಟಿ ಬಂದ. ಅವನ ಬಳಿ ಕೋಷ್ಟಕವೂ ಇರಲಿಲ್ಲ, ಗಡಿಯಾರವೂ ಇರಲಿಲ್ಲ.

ಉಬ್ಬರ ಇಳಿತಗಳ ಬಗ್ಗೆ ಇನ್ನೊಂದು ಮಾತು. ನಮ್ಮ ಕರಾವಳಿಯಲ್ಲಿ ಅವುಗಳ ನಡುವಿನ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸಿನದು. ನಾನಿರುವ ಊರಿನ ಬಳಿಯ ಬ್ರಿಸ್ಟಲ್ ಚಾನೆಲ್ ಎಂಬ ಕಡಲ ತೋಳಿನ ಒಳತುದಿಯಲ್ಲಿ ಅದು ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ 14 ಮೀಟರ್‌ವರೆಗೂ ಹೋಗುತ್ತದೆ; ಪ್ರಪಂಚದಲ್ಲೇ ಅತಿ ದೊಡ್ಡ ಅಂತರಗಳಲ್ಲಿ ಅದೂ ಒಂದು. ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ನೀರು ಆರು ಗಂಟೆಯಲ್ಲಿ ಬಂದು, ಆರು ಗಂಟೆಯಲ್ಲಿ ಹೋಗುತ್ತದೆ. ಆದ್ದರಿಂದ ಕಡಲಂಚಿನ ಮರಳಿನ ಮೇಲೆ ನಡೆದು ಒಂದು ಏರನ್ನು ಉಳಿಸಿಕೊಳ್ಳೋಣ ಎಂಬ ಆಸೆಯನ್ನು ಅಲ್ಲಿ ಮೊದಲ ದಿನವೇ ಬಿಡಬೇಕು. ಮರಳಿನ ಮೇಲೆ ಡೇರೆ ಹಾಕುವ ಆಸೆಯನ್ನಂತೂ ಅದಕ್ಕಿಂತ ಮೊದಲೇ.

ಇನ್ನು ತೂಕ. ಮೊದಲ ಕಂತಿಗೆ ಹೊರಟಾಗ ನನ್ನ ಬೆನ್ನುಚೀಲ 16 ಕಿಲೋ ಇತ್ತು. ಮೂರನೆಯ ದಿನ ದಾರಿಯ ಊರೊಂದರ ಅಂಚೆ ಕಚೇರಿಯಲ್ಲಿ ನಾಲ್ಕು ಕಿಲೋ ಸಾಮಾನನ್ನು ಮನೆಗೆ ಪಾರ್ಸೆಲ್ ಮಾಡಿದೆ: ದಪ್ಪ ಪುಸ್ತಕ, ಎರಡನೆಯ ಜೊತೆ ಪ್ಯಾಂಟು, ಕೊಡೆ, ಸ್ಟೀಲ್ ಡಬ್ಬಿಗಳು, ಟಾರ್ಚ್ ಕೆಟ್ಟರೆ ಇರಲೆಂದು ತಂದಿದ್ದ ಇನ್ನೊಂದು ಟಾರ್ಚ್. ಆ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿಯೊಂದನ್ನೂ ತೂಗಿ ಪಟ್ಟಿ ಮಾಡಿದೆ. ಒಬ್ಬರು ಮಲಗುವ ಡೇರೆ 1,300 ಗ್ರಾಂ, ಮಲಗುವ ಚೀಲ 900, ಗಾಳಿ ತುಂಬುವ ಹಾಸಿಗೆ 450, ಬೆನ್ನುಚೀಲವೇ 1,200. ಜೊತೆಗಾರರಿದ್ದರೆ ಡೇರೆಯನ್ನು ಒಬ್ಬರು, ಒಲೆಯನ್ನು ಇನ್ನೊಬ್ಬರು ಹೊರಬಹುದು. ಒಬ್ಬರೇ ಹೋಗುವುದೆಂದರೆ ಪಾಲು ಕೊಡಲು ಇನ್ನೊಂದು ಬೆನ್ನು ಇಲ್ಲ ಎಂಬುದೇ ಅದರ ಮೊದಲ ಅರ್ಥ. ನೀರಿನ ತೂಕದಲ್ಲಿ ಮಾತ್ರ ರಿಯಾಯಿತಿ ಸಿಗುವುದಿಲ್ಲ, ಒಂದು ಲೀಟರಿಗೆ ಒಂದು ಕಿಲೋ. ಹಳ್ಳಗಳೇನೋ ತುಂಬ ಇವೆ, ಆದರೆ ಅವು ದನ ಮೇಯುವ ಹುಲ್ಲುಗಾವಲುಗಳಿಂದ ಇಳಿದು ಬರುವ ಹಳ್ಳಗಳು, ಶೋಧಿಸದೆ ಕುಡಿಯುವ ಹಾಗಿಲ್ಲ. ಸಾರ್ವಜನಿಕ ನಲ್ಲಿಗಳು ಎಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಂಡು, ದೊಡ್ಡ ಏರಿನ ತಳದಲ್ಲಿ ತುಂಬಿಸುವ ಬದಲು ಅದರ ತುದಿಯ ಆಚೆ ತುಂಬಿಸಲು ಸಾಧ್ಯವೇ ಎಂದು ಲೆಕ್ಕ ಹಾಕುತ್ತಿದ್ದೆ.

ಊಟದ ವಿಷಯದಲ್ಲಿ ಮಾತ್ರ ನಮ್ಮ ಮನೆಯ ಜ್ಞಾನ ಅಲ್ಲಿನ ಅಂಗಡಿಯ ಜ್ಞಾನಕ್ಕಿಂತ ಮುಂದಿದೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಚಾರಣಿಗರಿಗೆಂದು ಮಾರುವ ಒಣಗಿಸಿದ ಊಟದ ಪೊಟ್ಟಣಗಳಿಗೆ ದುಡ್ಡೂ ಹೆಚ್ಚು, ಬಿಸಿನೀರೂ ಬೇಕು. ನಾನು ಒಯ್ದದ್ದು ಗೊಜ್ಜವಲಕ್ಕಿಗೆಂದು ತರಿತರಿಯಾಗಿ ಪುಡಿ ಮಾಡಿದ ಅವಲಕ್ಕಿ. ಹುಣಸೆ, ಬೆಲ್ಲ, ಸಾರಿನ ಪುಡಿ, ಉಪ್ಪು ಸೇರಿಸಿ ಒಣಗಿಸಿಟ್ಟ ಗೊಜ್ಜನ್ನು ಅದರ ಜೊತೆಗೇ ಬೆರೆಸಿದ್ದೆ. ತಣ್ಣೀರು ಹಾಕಿ ಡೇರೆ ಕಟ್ಟಿ ಮುಗಿಸುವಷ್ಟರಲ್ಲಿ ಅದು ನೆನೆದು ಉಣ್ಣಲು ಸಿದ್ಧವಾಗಿರುತ್ತಿತ್ತು. ಗ್ಯಾಸ್ ಡಬ್ಬಿಯನ್ನು ಬೆಳಗಿನ ಚಹಾಕ್ಕೆ ಮಾತ್ರ ಬಳಸಿದ್ದರಿಂದ ಒಂದು ಸಣ್ಣ ಡಬ್ಬಿ ಹತ್ತು ದಿನ ಬಂತು. ಮಧ್ಯಾಹ್ನ ಯಾವುದಾದರೂ ಊರು ಸಿಕ್ಕರೆ ಪೇಸ್ಟಿ ಎಂಬ ಮಡಿಸಿದ ಹಿಟ್ಟಿನ ಕಡುಬು ಸಿಗುತ್ತದೆ. ಕಾರ್ನ್‌ವಾಲಿನ ಗಣಿ ಕೆಲಸಗಾರರು ಭೂಮಿಯೊಳಗೆ ಒಯ್ಯುತ್ತಿದ್ದ ಬುತ್ತಿ ಅದು. ಮೂಲದಲ್ಲಿ ದನದ ಮಾಂಸದ್ದು, ನಮ್ಮಂಥವರಿಗೆ ಚೀಸ್ ಮತ್ತು ಈರುಳ್ಳಿಯದು.

ಡೇರೆಯನ್ನು ಎಲ್ಲಿ ಹಾಕುವುದು? ಸಭೆಯಲ್ಲಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು, ದಾರಿಯಲ್ಲಿ ನನ್ನನ್ನು ದಿನವೂ ಸಂಜೆ ನಾಲ್ಕರಿಂದ ಕಾಡಿದ ಪ್ರಶ್ನೆಯೂ ಇದೇ. ಇಂಗ್ಲೆಂಡಿನಲ್ಲಿ ನಡೆಯುವ ಹಕ್ಕು ಬೇರೆ, ಮಲಗುವ ಹಕ್ಕು ಬೇರೆ. ಕಾಲುದಾರಿ ಸಾರ್ವಜನಿಕರದ್ದಾದರೂ ಅದರ ಎರಡೂ ಬದಿಯ ನೆಲಕ್ಕೆ ಒಡೆಯರಿದ್ದಾರೆ, ಅವರ ಅನುಮತಿಯಿಲ್ಲದೆ ಡೇರೆ ಹಾಕುವಂತಿಲ್ಲ. ಸ್ಕಾಟ್ಲೆಂಡಿನ 2003ರ ಕಾಯಿದೆ ಉದಾರವಾಗಿದೆ. ಇಂಗ್ಲೆಂಡಿನಲ್ಲಿ ಡಾರ್ಟ್‌ಮೂರ್ ಎಂಬ ಒಳನಾಡಿನ ಬಯಲಿನಲ್ಲಿ ಮಾತ್ರ ಆ ಹಕ್ಕು ಉಳಿದಿದೆ. ಜಮೀನುದಾರರು ಅದನ್ನೂ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಕಡಲ ದಾರಿಗೆ ಆ ತೀರ್ಪಿನಿಂದ ಏನೂ ಸಿಗಲಿಲ್ಲ. ಕತ್ತಲಾದ ಮೇಲೆ ಸದ್ದಿಲ್ಲದೆ ಡೇರೆ ಹಾಕಿ ಬೆಳಕು ಹರಿಯುವ ಮೊದಲೇ ಕಿತ್ತುಕೊಂಡು ಹೋಗುವವರು ಬಹಳ ಜನ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ. ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ, ಅಷ್ಟು ಹೊತ್ತು ಕದ್ದು ಕೂರುವ ತಾಳ್ಮೆ ನನಗಿರಲಿಲ್ಲ. ಹೆಚ್ಚಿನ ರಾತ್ರಿ ಹಣ ಕೊಟ್ಟು ಡೇರೆಯ ಬಯಲುಗಳಲ್ಲಿ ಉಳಿದೆ, ಉಳಿದ ದಿನ ರೈತರ ಮನೆಯ ಬಾಗಿಲು ತಟ್ಟಿದೆ. ಕಾರ್ನ್‌ವಾಲಿನ ಉತ್ತರ ತೀರದಲ್ಲಿ ಒಬ್ಬ ರೈತ ಮಹಿಳೆ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, "ಒಬ್ಬಳೇ ಬಂದೆಯಾ?" ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೂ ಕಾಯದೆ ನಲ್ಲಿಯನ್ನು ತೋರಿಸಿ, ಎಡಗಡೆಯ ಗದ್ದೆಯಲ್ಲಿ ಮಲಗು, ಬಲಗಡೆಯದರಲ್ಲಿ ಹೋರಿ ಇದೆ ಎಂದಳು. ಅಂದ ಹಾಗೆ, ಆ ದಾರಿಯಲ್ಲಿ ಹಾವಿಗಿಂತ ಹೆಚ್ಚು ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದ ಪ್ರಾಣಿ ಕರು ಹಾಕಿದ ಹಸು. ಗೋಪೂಜೆ ಮಾಡಿ ಬೆಳೆದ ನಾನು ಅದನ್ನು ನಂಬಲು ತಡ ಮಾಡಿ, ಒಮ್ಮೆ ಬೇಲಿ ಹಾರಿದ್ದೇನೆ.

ಡೇರೆಯ ಜಾಗದ ಆಯ್ಕೆಯಲ್ಲಿ ಒಂದು ದೊಡ್ಡ ತಪ್ಪನ್ನೂ ಮಾಡಿದೆ. ಡೇರೆಯ ಬಯಲೊಂದರಲ್ಲಿ, ಬೇಕಾದ ಕಡೆ ಹಾಕಿಕೊಳ್ಳಿ ಎಂದಾಗ, ಕಡಲು ಚೆನ್ನಾಗಿ ಕಾಣುತ್ತದೆಂದು ಅಂಚಿನ ಜಾಗವನ್ನೇ ಆರಿಸಿಕೊಂಡೆ. ರಾತ್ರಿ ಎರಡರ ಹೊತ್ತಿಗೆ ನೈಋತ್ಯದ ಗಾಳಿ ಎದ್ದಿತು. ಡೇರೆಯ ಒಳಬದಿ ಮುಖಕ್ಕೆ ಬಂದು ಬಡಿಯುತ್ತಿತ್ತು, ಕಮಾನಿನ ಕೋಲು ಬಾಗಿ ನೇರವಾಗಿ ಮತ್ತೆ ಬಾಗುತ್ತಿತ್ತು. ಹೊರಗೆ ಬಂದು ಮೊದಲು ಕೋಲನ್ನು ತೆಗೆದೆ. ಬಟ್ಟೆ ನೆಲಕ್ಕೆ ಬಿದ್ದ ಕೂಡಲೇ ಗಾಳಿಗೆ ಹಿಡಿತ ತಪ್ಪಿತು. ಗಾಳಿ ಬರುವ ಬದಿಯ ಗೂಟಗಳನ್ನು ಕೊನೆಯವರೆಗೂ ಬಿಟ್ಟು, ಉಳಿದವನ್ನು ಕಿತ್ತು, ಒಳಗಿನ ಸಾಮಾನಿನ ಸಮೇತ ಡೇರೆಯನ್ನು ಸುತ್ತಿ, ಕಲ್ಲುಮಣ್ಣಿನ ಪಾಗಾರದ ಮರೆಗೆ ಎಳೆದುಕೊಂಡು ಹೋಗಿ, ಬೆಳಗಿನವರೆಗೆ ಅದನ್ನೇ ಹೊದ್ದು ಕುಳಿತೆ. ಕೋಲು ಒಂದು ಕಡೆ ಸೊಟ್ಟಗಾಗಿತ್ತು. ಈಗಲೂ ಸೊಟ್ಟಗೇ ಇದೆ. ಅಲ್ಲಿಂದ ಮುಂದೆ ಕಡಲು ಕಾಣದ ಜಾಗಗಳಲ್ಲಿ ಸುಖವಾಗಿ ನಿದ್ದೆ ಮಾಡಿದೆ.

ಎಲ್ಲೆಂದರಲ್ಲಿ ಡೇರೆ ಹಾಕಬಾರದು ಎನ್ನುವುದಕ್ಕೆ ಕಾರ್ನ್‌ವಾಲಿನ ಪಶ್ಚಿಮ ತುದಿಯಲ್ಲಿ ಇನ್ನೊಂದು ಕಾರಣವಿದೆ. ಬೊಟಾಲಕ್ ಮತ್ತು ಲೆವಾಂಟ್ ಎಂಬ ಜಾಗಗಳಲ್ಲಿ ದಾರಿಯ ಎರಡೂ ಬದಿ ತವರ ಮತ್ತು ತಾಮ್ರದ ಹಳೆಯ ಗಣಿಗಳ ಬಾಯಿಗಳಿವೆ. ಬಂಡೆಯ ತುದಿಯಲ್ಲಿ ಯಂತ್ರದ ಮನೆಗಳು ಹೊಗೆಗೂಡಿನ ಸಮೇತ ಪಾಳು ನಿಂತಿವೆ, ಸುರಂಗಗಳು ಕಡಲ ತಳದ ಅಡಿಗೂ ಚಾಚಿವೆ. 1919ರ ಅಕ್ಟೋಬರಿನಲ್ಲಿ ಲೆವಾಂಟ್‌ನಲ್ಲಿ ಕೆಲಸಗಾರರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಯಂತ್ರದ ಕೊಂಡಿ ಮುರಿದು 31 ಜನ ಸತ್ತರು. ಈ ಊರುಗಳಿಗೂ ನಮಗೂ ನೇರವಾದ ನಂಟೊಂದಿದೆ. ಕಾರ್ನ್‌ವಾಲಿನಲ್ಲಿ ಗಣಿ ಕೆಲಸ ಕುಸಿದಾಗ ಅಲ್ಲಿನ ಗಣಿಗಾರರು ಪ್ರಪಂಚದ ಮೂಲೆಮೂಲೆಗೆ ಹೋದರು. 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕಾಲದಲ್ಲಿ ಅವರಲ್ಲಿ ಹಲವರು ಕೆಜಿಎಫ್‌ಗೂ ಬಂದು ಮೇಲ್ವಿಚಾರಣೆಯ ಕೆಲಸ ಹಿಡಿದರು. ಕೆಜಿಎಫ್ 2001ರಲ್ಲಿ ಮುಚ್ಚಿತು. ಲೆವಾಂಟ್‌ನ ಪಕ್ಕದ ಗೀವರ್ ಗಣಿ 1990ರಲ್ಲೇ ಮುಚ್ಚಿತ್ತು. ಆ ಸಂಜೆ ನಾನು ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡದೆ, ಇನ್ನೂ ಐದು ಕಿಲೋಮೀಟರ್ ನಡೆದು ಡೇರೆಯ ಬಯಲಿಗೆ ಹೋದೆ.

ದಕ್ಷಿಣ ತೀರದಲ್ಲಿ ನೆಲವೇ ಮೆತ್ತಗೆ. ಸೀಟನ್ ಮತ್ತು ಲೈಮ್ ರೀಜಿಸ್ ಊರುಗಳ ನಡುವೆ 1839ರ ಕ್ರಿಸ್ಮಸ್ ಹೊತ್ತಿಗೆ ಒಂದು ದೊಡ್ಡ ಭೂಭಾಗ ಕಡಲ ಕಡೆಗೆ ಜಾರಿತು. ಅದರ ಮೇಲಿದ್ದ ಗೋಧಿಯ ಹೊಲ ಪೈರಿನ ಸಮೇತ ಸರಿದು ಹೋಗಿ, ಮರುವರ್ಷದ ಆಗಸ್ಟಿನಲ್ಲಿ ಜನ ಜಾತ್ರೆಯ ಹಾಗೆ ಸೇರಿ ಅದನ್ನು ಕೊಯ್ದರು. ಈಗ ಅಲ್ಲಿ ದಟ್ಟ ಕಾಡು ಬೆಳೆದಿದೆ. ಹನ್ನೊಂದು ಕಿಲೋಮೀಟರ್ ಹೊರದಾರಿಯಿಲ್ಲದ ಆ ಕಾಡಿನಲ್ಲಿ ಕಡಲು ಕೇಳಿಸುತ್ತದೆ, ಕಾಣುವುದಿಲ್ಲ. ಅದರಾಚೆಯೂ ಹಲವು ಕಡೆ ಬಂಡೆ ಕುಸಿದು ದಾರಿಯನ್ನು ಒಳಗೆ ಸರಿಸಿದ್ದಾರೆ. ನನ್ನ ನಕ್ಷೆ ನಾಲ್ಕು ವರ್ಷ ಹಳೆಯದು, ಅದರಲ್ಲಿದ್ದ ಗೆರೆ ಎರಡು ಕಡೆ ಗಾಳಿಯಲ್ಲಿ ತೇಲುತ್ತಿತ್ತು. ಬೇಲಿ ಹಾಕಿ ತಿರುಗಿಸಿದ ಕಡೆ ಗೊಣಗದೆ ತಿರುಗಬೇಕು.

ಹೆದರಿಕೆ ಆಗಲಿಲ್ಲವೇ ಎಂದು ಮುಂದಿನ ಸಾಲಿನ ಹೆಣ್ಣುಮಕ್ಕಳು ಕೇಳಿದರು. ಆಯಿತು, ಆದರೆ ಜನರಿಗೆ ಹೆದರಿದ್ದು ಕಡಿಮೆ. ಒಂಟಿ ಹೆಂಗಸು ಎಂದು ನನ್ನನ್ನು ಕಂಡು ಹೆಚ್ಚು ಕಳವಳಪಟ್ಟವರು ದಾರಿಯಲ್ಲಿ ಸಿಕ್ಕವರಲ್ಲ, ವಾಟ್ಸ್ಆ್ಯಪ್‌ನಲ್ಲಿ ಇದ್ದವರು. ನನಗಿದ್ದ ಹೆದರಿಕೆ ಕಾಲು ಉಳುಕುವುದರದ್ದು, ಏಕೆಂದರೆ ಕಣಿವೆಗಳ ತಳದಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಪ್ರತಿ ದಿನ ಬೆಳಿಗ್ಗೆ ಆ ದಿನದ ಹಾದಿಯನ್ನೂ ರಾತ್ರಿ ಉಳಿಯುವ ಜಾಗವನ್ನೂ ಮಗಳಿಗೆ ಬರೆದು ಕಳಿಸುತ್ತಿದ್ದೆ. ಸಂಜೆ ಎಂಟರೊಳಗೆ ಸುದ್ದಿ ಬಾರದಿದ್ದರೆ ಇನ್ನೊಂದು ಗಂಟೆ ಕಾದು, ಆಮೇಲೆ 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಬೇಕು ಎಂಬುದು ನಮ್ಮ ನಡುವಿನ ಒಪ್ಪಂದ. ಒಂಟಿಯಾಗಿ ಹೋಗುವವರಿಗೆ ಮನೆಯಲ್ಲಿ ಒಬ್ಬರಾದರೂ ಶಿಸ್ತಿನವರು ಬೇಕು.

ಮೂರನೆಯ ಬೇಸಿಗೆಯ ಕೊನೆಯ ದಿನ, ಸ್ಟಡ್‌ಲೆಂಡ್‌ನ ಮರಳ ತೀರದಲ್ಲಿ ಐದು ಕಿಲೋಮೀಟರ್ ಸಪಾಟಾಗಿ ನಡೆದು ಸೌತ್ ಹ್ಯಾವನ್ ಪಾಯಿಂಟ್ ತಲುಪಿದೆ. ಅದೂ ಒಂದು ಅಳಿವೆಯೇ. ಪೂಲ್ ಬಂದರಿನ ಕಿರಿದಾದ ಬಾಯಿ, ಆಚೆ ದಡದಲ್ಲಿ ಮನೆಗಳು, ನಡುವೆ ಕಾರುಗಳನ್ನೂ ಬಸ್ಸನ್ನೂ ಹೊತ್ತು ನೀರಿನೊಳಗಿನ ಸರಪಳಿ ಹಿಡಿದು ತನ್ನನ್ನು ತಾನೇ ಎಳೆದುಕೊಂಡು ಹೋಗುವ ಜಂಗಲ್ ದೋಣಿ. ನಾನು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಕೋಷ್ಟಕದ ಪುಸ್ತಕವನ್ನು ಹೊರತೆಗೆದೆ. ಟಿಕೆಟ್ ಕೊಡುವ ಹುಡುಗ ಅದನ್ನು ನೋಡಿ, ಇದಕ್ಕೆ ಉಬ್ಬರವೂ ಒಂದೇ ಇಳಿತವೂ ಒಂದೇ, ಹತ್ತಿ ಎಂದ.